ಕೊನೆಯ ಬೆಂಚಿಗೆ ಮುಟ್ಟುವ ಮಾತು

ಇವರು ಒಂದು ಚಪ್ಪಾಳೆ ತಟ್ಟಿದರೆ ಏಳು ಊರಿನ ಗೋಡೆಗಳು ಎದ್ದು ನಿಂತು ನಿಜ ಒಪ್ಪಿಕೊಳ್ಳುತ್ತವೆ. ನಂಬದವರು ಬೆಳಗಿನ ಆರಕ್ಕೆ ಈ ಹೊಸ ಶಾಲೆಯ ದೊಡ್ಡ ಕೋಣೆಗೆ ಬರಬೇಕು. ನಟ್ಟನಡುವೆ ನಿಂತು ತಟ್ಟುತ್ತಾರೆ. ಸದ್ದು ಸೂರು ಮುಟ್ಟಿ, ಗಾಜಿಗೆ ಬಡಿದು, ಊಟ ಮುಗಿದರೂ ಏಳದ ನೆಂಟನ ಹಾಗೆ ಅಲ್ಲೇ ಉಳಿದುಬಿಡುತ್ತದೆ.

ಯಾವ ಕೋಣೆಯಲ್ಲಿ ಮಾತು ಎಷ್ಟು ತಿಳಿಯುತ್ತದೆಂದು ಮೊದಲೇ ಹೇಳುವುದು ಇವರ ಕಸುಬು. ಇಪ್ಪತ್ತೆರಡು ವರ್ಷವಾಯಿತು. ಎತ್ತರ, ನೆಲ, ಕಿಟಕಿ ಅಳೆದು ಲೆಕ್ಕ ಹಾಕುತ್ತಾರೆ. ಆಮೇಲೆ ಮೇಜಿನ ಬಳಿ ನಿಂತು ಐವತ್ತು ಪದ ಓದುತ್ತಾರೆ. ಕೊನೆಯ ಬೆಂಚಿನಲ್ಲಿ ಕೂತ ಇವರ ಅಕ್ಕ, ಕೇಳಿಸಿದ್ದನ್ನು ಬರೆಯುತ್ತಾರೆ.

"ದನಿ ಕೇಳೋದು ಬೇರೆ, ಮಾತು ತಿಳಿಯೋದು ಬೇರೆ. ಇಲ್ಲಿ ಒಂದು ಮಾತಿನ ಬಾಲ ಇನ್ನೊಂದರ ತಲೆ ಮೇಲೆ ಕೂರುತ್ತೆ," ಎನ್ನುತ್ತಾರೆ ಇವರು.

ಇಂದು ಇವರ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ. ಲೆಕ್ಕದ ಪ್ರಕಾರ ಕೊನೆಯ ಬೆಂಚಿಗೆ ತಿಳಿಯಬೇಕಾದದ್ದು ಮೂವತ್ತು ಪದ. ನಿನ್ನೆ ಅಕ್ಕ ಸರಿಯಾಗಿ ಬರೆದದ್ದು ನಲವತ್ತೆಂಟು! ಲೆಕ್ಕ ತಪ್ಪಿದ್ದರೆ ಇಷ್ಟು ವರ್ಷದ ಕೆಲಸವೇ ಅನುಮಾನ. ಅಕ್ಕ ತಪ್ಪಿದ್ದರೆ ನಾಳೆಯಿಂದ ಹಿಂದೆ ಕೂರುವ ಮಕ್ಕಳಿಗೆ ಪಾಠವೆಲ್ಲ ಬರೀ ಗುಂಯ್. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ. ಕೋಣೆ ಸರಿಯಿದೆಯೆಂಬ ಸಹಿಯೊಂದೇ ಬಾಕಿ.

ಅಕ್ಕನ ಪಕ್ಕ ಕೂರಿಸಿ ಈ ವರದಿಗಾರನಿಗೂ ಒಂದು ಹಾಳೆ ಕೊಡುತ್ತಾರೆ. ಇರುವೆ ಸೀನಿದರೂ ಕೇಳುವ ಕಿವಿ ತನ್ನದೆಂದು ಅವನು ದಾರಿಯಲ್ಲೇ ಕೊಚ್ಚಿಕೊಂಡಿದ್ದ. ಓದು ಮುಗಿಯುವ ಹೊತ್ತಿಗೆ ಇಬ್ಬರ ಹಾಳೆಯೂ ಭರ್ತಿ.

ಎರಡನ್ನೂ ನೋಡಿದ ಮೇಲೆ ಇವರು ಬೆಳಗಿನಿಂದ ಮೊದಲ ಸಲ ಕೂರುತ್ತಾರೆ. ಈಗ ಓದಿದ್ದು, ಯಾರಿಗೂ ಹೇಳದೆ ಇಂದೇ ಬರೆದು ತಂದ, ಸದ್ದಿಗೆ ಹಳೆಯದರಂತೆಯೇ ಇರುವ ಹೊಸ ಪಟ್ಟಿ. ಅಕ್ಕ ಬರೆದಿರುವುದು ಹನ್ನೆರಡು ವರ್ಷ ಕೇಳಿ ಕೇಳಿ ಬಾಯಿಪಾಠವಾದ ಹಳೆಯ ಪಟ್ಟಿ.

"ನಂಗೆ ಹಾಗೇ ಕೇಳಿಸ್ತು ಕಣೇ," ಅಕ್ಕ ಪೆಚ್ಚಾಗುತ್ತಾರೆ. ಮೋಸವೇನಿಲ್ಲ. ಕಿವಿ ಬಿಟ್ಟದ್ದನ್ನು ನೆನಪು ತುಂಬಿಸಿದೆ, ಅಷ್ಟೇ.

"ಅಕ್ಕ ನೆನಪಿಂದ ಬರೆದ್ಲು, ಸರಿ. ನೀವು ಯಾರ ನೆನಪಿಂದ ಬರೆದ್ರಿ ಸ್ವಾಮಿ?"

ವರದಿಗಾರನ ಹಾಳೆಯಲ್ಲೂ ಅದೇ ಹಳೆಯ ಪಟ್ಟಿ, ಸಾಲಿಗೆ ಸಾಲು.

ಅವನನ್ನು ಒಂಟಿಯಾಗಿ ಕೊನೆಯ ಬೆಂಚಿನ ಮೂಲೆಗೆ ಕೂರಿಸಿ ಮತ್ತೊಂದು ಪಟ್ಟಿ ಓದುತ್ತಾರೆ. ಸರಿಯಾದದ್ದು ಇಪ್ಪತ್ತೊಂಬತ್ತು, ಲೆಕ್ಕದ ಮೂವತ್ತಕ್ಕೆ ಒಂದೇ ಕಮ್ಮಿ. ಇವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಡುತ್ತಾರೆ. ಸೂರಿಗೆ ಮೆತ್ತನೆಯ ಹಲಗೆ, ಕಿಟಕಿಗೆ ದಪ್ಪ ಪರದೆ ಹಾಕಿಸಬೇಕು. ಅಲ್ಲಿಯವರೆಗೆ ಹಿಂದಿನ ನಾಲ್ಕು ಸಾಲು ಖಾಲಿ ಇರಲಿ ಎಂದು ಹೆಡ್‌ಮಾಸ್ಟರಿಗೆ ಹೇಳಿಬಿಡುತ್ತಾರೆ.

"ಹಳೇ ಪಟ್ಟಿಯಲ್ಲಿ ಪಾಸಾದ ಕೋಣೆಗಳಿಗೆಲ್ಲ ಇನ್ನೊಂದು ಸಲ ಹೋಗ್ಬೇಕು," ಎನ್ನುತ್ತಾ ಚಪ್ಪಲಿ ಮೆಟ್ಟುತ್ತಾರೆ. "ಅಷ್ಟಾದ್ರೆ ಸಾಕು ನಂಗೆ."

ಏಳು ಊರಿನ ಗೋಡೆಗಳ ಮಾತು ಸುಳ್ಳು. ಇದ್ದದ್ದು ಒಂದೇ ಕೋಣೆ. ಇರುವೆ ಸೀನಿದ್ದನ್ನು ಯಾರೂ ಕೇಳಿಲ್ಲ, ಹಾಳೆ ಭರ್ತಿಯಾದದ್ದು ಅಕ್ಕನದನ್ನು ಕದ್ದು ನೋಡಿ. ಈ ವರದಿಗಾರ ಕೊಟ್ಟದ್ದರಲ್ಲಿ ಇಪ್ಪತ್ತೊಂಬತ್ತು ಪದ ಮಾತ್ರ ನಿಜ.