ಭರಮವ್ವ ಬಂದರೆ ಅಟ್ಟಕ್ಕೆ ಬೆಳಕು

ಬೆಳಗಿನ ಆರು ಗಂಟೆ. ಹಂಸಭಾವಿಯ ಕರಬಸಪ್ಪನವರ ಮನೆಯ ಅಟ್ಟದೊಳಗೆ ಭರಮವ್ವನ ಅರ್ಧ ದೇಹ ಸೇರಿಹೋಗಿದೆ. ಏಣಿಯ ಮೇಲೆ ಕಾಣುವುದು ಎರಡು ಪಾದ ಮತ್ತು ಎತ್ತಿ ಕಟ್ಟಿದ ಸೀರೆಯ ಅಂಚು ಅಷ್ಟೇ. ಒಳಗಿನಿಂದ ಒಂದೊಂದಾಗಿ ಸಾಮಾನು ಇಳಿಯುತ್ತಿದೆ. ಬಟ್ಟೆಯಿಲ್ಲದ ಛತ್ರಿ ಒಂಬತ್ತು. ರೆಕ್ಕೆಯಿಲ್ಲದ ಫ್ಯಾನು ಒಂದು. ಮದುವೆ ಕರೆಯೋಲೆಗಳ ದೊಡ್ಡದೊಂದು ಗಂಟು. ಅದರೊಳಗಿನ ವಧೂವರರಲ್ಲಿ ಕೆಲವರಿಗೆ ಈಗ ಮೊಮ್ಮಕ್ಕಳಿದ್ದಾರೆ.

ಏಣಿಯ ಬುಡದಲ್ಲಿ ನಿಂತಿರುವ ಎಪ್ಪತ್ತರ ಕರಬಸಪ್ಪ ಪ್ರತಿಯೊಂದನ್ನೂ ಕೂಸಿನಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ಒಂದೇ ಮಾತು ಹೇಳುತ್ತಾರೆ: “ಇದು ಬೇಕಾಗ್ತೈತಿ.”

“ಯಾವಾಗ್ರಿ ಗೌಡ್ರ?” ಅಟ್ಟದೊಳಗಿನಿಂದ ಭರಮವ್ವನ ದನಿ.

“ಯಾವಾಗರ.”

“ಹಂಗಾರ ಅಂಗಳದಾಗ ಇಡ್ರಿ. ಆ ಯಾವಾಗರ ಅನ್ನೂದು ಅಲ್ಲೇ ಬರ್ಲಿ.”

ಚಿಕ್ಕೇರೂರಿನ ಭರಮವ್ವನಿಗೆ ಐವತ್ತೆಂಟು ವರ್ಷ. ಸಾಮಾನು ತುಂಬಿ ಮನುಷ್ಯರಿಗೆ ಜಾಗವಿಲ್ಲದಂತಾದ ಮನೆಗಳನ್ನು ಓಡಾಡುವಂತೆ ಮಾಡುವುದು ಅವರ ಕಸುಬು. ಮೊದಲು ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ಶಿಗ್ಗಾವಿಯ ಮದುವೆ ಮನೆಯೊಂದಕ್ಕೆ ಪಾತ್ರೆ ತೊಳೆಯಲು ಹೋದಾಗ ತೊಳೆದದ್ದನ್ನು ಇಡಲು ಅಲ್ಲಿ ಗೇಣು ಜಾಗ ಇರಲಿಲ್ಲ. ಭರಮವ್ವ ಮೊದಲು ಜಾಗ ಮಾಡಿದರು, ಆಮೇಲೆ ಪಾತ್ರೆ ತೊಳೆದರು. ಮದುವೆಗೆ ಬಂದ ಹೆಂಗಸರು ಮದುಮಗಳನ್ನು ಬಿಟ್ಟು ಅಡುಗೆಮನೆ ನೋಡಲು ಸಾಲುಗಟ್ಟಿದರಂತೆ. ಅಂದಿನಿಂದ ಹಾನಗಲ್, ಸವಣೂರು, ಹಿರೇಕೆರೂರು ಎಂದು ಕರೆ ಬರುತ್ತಲೇ ಇದೆ.

ತಿಂಗಳಿಗೆ ಎಂಟು, ಹತ್ತು ಮನೆ. ಯುಗಾದಿ, ದಸರೆ ಹತ್ತಿರ ಬಂದರೆ ದಿನಕ್ಕೆರಡು. ದಿನವೊಂದಕ್ಕೆ ಏಣಿ ಹತ್ತಿ ಇಳಿಯುವುದು ಅರವತ್ತು ಸಲ. ಗುಜರಿ ಸೇರಬೇಕಾದದ್ದನ್ನು ಸವಣೂರಿನ ನದೀಮ ಟೆಂಪೊ ತಂದು ಒಯ್ಯುತ್ತಾನೆ. ಭರಮವ್ವ ಮಾತ್ರ ಯಾರ ಮನೆಯಿಂದಲೂ ಒಂದು ಚಮಚ ತರುವುದಿಲ್ಲ. “ಒಬ್ಬರ ಮನಿ ಭಾರ ಇನ್ನೊಬ್ಬರ ಮನಿಗೆ ಯಾಕ ಹೊರಬೇಕ್ರಿ?” ಎನ್ನುತ್ತಾರೆ.

ಕೆಲಸ ಸಸಾರವಲ್ಲ. ಶಿಗ್ಗಾವಿಯ ಅಟ್ಟವೊಂದರಲ್ಲಿ ಚೇಳು ಕಡಿದು ಎರಡು ದಿನ ಮಲಗಿದ್ದರು. ದೂಳಿನ ಕೆಮ್ಮು ವರ್ಷಪೂರ್ತಿ. ಒಮ್ಮೆ ಹಾನಗಲ್ಲಿನಲ್ಲಿ ಬೂದಿ ತುಂಬಿದ ಡಬ್ಬಿಯೊಂದನ್ನು ಹಿಂದೆಮುಂದೆ ನೋಡದೆ ತಿಪ್ಪೆಗೆ ಸುರಿದುಬಿಟ್ಟರು. ಬೂದಿಯಲ್ಲಿ ಆ ಮನೆಯ ಅಜ್ಜಿ ಜೋಪಾನ ಮಾಡಿದ ಹೀರೇಕಾಯಿ ಬೀಜ ಇತ್ತು.

“ಒಂದ ತಿಂಗಳ ನನ್ನ ಜೋಡಿ ಮಾತ ಬಿಟ್ಟಿದ್ಲರಿ ಮುದುಕಿ. ಆಮ್ಯಾಲ ಮಳಿ ಬಿತ್ತು. ತಿಪ್ಪಿ ತುಂಬ ಬಳ್ಳಿ! ಓಣಿ ಮಂದಿ ಎಲ್ಲಾ ಹೀರೀಕಾಯಿ ತಿಂದು ಸಾಕಾತು ಅಂದ್ರು. ನನಗೂ ಒಂದ ಬುಟ್ಟಿ ಕಳಿಸಿದ್ಲು.” ಆಗಿನಿಂದ ಯಾವ ಡಬ್ಬಿಯ ಮುಚ್ಚಳವನ್ನೂ ಮನೆಯವರ ಎದುರಿಗಲ್ಲದೆ ಅವರು ತೆಗೆಯುವುದಿಲ್ಲ.

ಅವರ ಕೆಲಸ ನೋಡಲೆಂದು ನಾನು ಜೊತೆಗೆ ಬಂದಿರುವ ಇವತ್ತಿನ ಕೆಲಸಕ್ಕೆ ಗಡುವಿದೆ. ಕರಬಸಪ್ಪನವರ ಹೆಂಡತಿ ಸಾವಂತ್ರವ್ವ ಮೂರು ವಾರದ ಹಿಂದೆ ಮನೆಯೊಳಗೇ ಎಡವಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಸಂಜೆ ನಾಲ್ಕಕ್ಕೆ ಮಗ ಕರೆತರುತ್ತಾನೆ. ಇನ್ನು ವಾಕರ್ ಹಿಡಿದೇ ನಡೆಯಬೇಕು. ಆದರೆ ಆ ಮನೆಯಲ್ಲಿ ಬೆಕ್ಕು ಕೂಡ ಅಡ್ಡಡ್ಡ ನಡೆಯುತ್ತದೆ. ಭರಮವ್ವನನ್ನು ಕರೆಸಿದವಳು ಸೊಸೆ ಸವಿತಾ, ಮಾವನಿಗೆ ಹೇಳದೆ.

ಹತ್ತು ಗಂಟೆಯ ಹೊತ್ತಿಗೆ ಅಂಗಳ ಅರ್ಧ ತುಂಬಿದೆ. ವಿಚಿತ್ರವೆಂದರೆ ಮನೆ ಖಾಲಿಯಾಗುತ್ತಿಲ್ಲ. ಭರಮವ್ವ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಅವರ ಎದುರಿಗೆ ಅದೇ ಫ್ಯಾನು.

“ಗೌಡ್ರ, ಇದು ನನಗ ಮೂರನೇ ಸಲ ಭೆಟ್ಟಿ ಆಗಾಕತ್ತೈತಿ. ರೆಕ್ಕಿ ಅಂತೂ ಇಲ್ಲ, ಕಾಲಾರ ಬಂದಾವೇನ್ರಿ?”

ಸವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಮುಂಬಾಗಿಲಿಂದ ಹೋದ ಸಾಮಾನು ಕರಬಸಪ್ಪನವರ ಕೈಯಲ್ಲಿ ಹಿತ್ತಿಲ ಬಾಗಿಲಿಂದ ಮರಳಿ ಬರುತ್ತಿದೆ.

“ಮೋಟರ ಚಲೋ ಐತಿ ಅದರದ್ದು,” ಎನ್ನುತ್ತಾರೆ ಅವರು, ನೆಲ ನೋಡುತ್ತ.

ಭರಮವ್ವ ವಾದಕ್ಕೆ ಇಳಿಯುವುದಿಲ್ಲ. ಮೂಲೆಯಲ್ಲಿದ್ದ ಹೊಸ ವಾಕರನ್ನು ತಂದು ಅವರ ಮುಂದಿಡುತ್ತಾರೆ.

“ಹಿಡ್ಕೋರಿ.”

“ನನ್ನ ಕಾಲು ಗಟ್ಟಿ ಅದಾವ.”

“ಅವ್ವಾರ ಕಾಲು ಅಂತ ತಿಳ್ಕೋರಿ. ಅವರ ಮಂಚದಿಂದ ಬಚ್ಚಲಮಟ ನಡೀರಿ. ತಟ್ಟಲಾರದ್ದು ನಿಮ್ಮದು. ತಟ್ಟಿದ್ದು ಅಂಗಳಕ್ಕ.”

ಕರಬಸಪ್ಪ ತಲೆಯ ಪಟಗ ಸರಿಮಾಡಿಕೊಂಡು ಹೊರಡುತ್ತಾರೆ. ಮೊದಲ ಮೂರು ಹೆಜ್ಜೆ ಗತ್ತಿನಿಂದಲೇ. ನಾಲ್ಕನೆಯದಕ್ಕೆ ಹೊಲಿಗೆ ಯಂತ್ರದ ಕಬ್ಬಿಣದ ಕಾಲು ತಟ್ಟುತ್ತದೆ. ಪಕ್ಕಕ್ಕೆ ತಿರುಗಿದರೆ ಗೊಬ್ಬರದ ಖಾಲಿ ಚೀಲಗಳ ಹೊರೆ. ಅದನ್ನು ದಾಟಿದರೆ ಬಚ್ಚಲ ದಾರಿಯಲ್ಲಿ ಹೊಲದ ಕರಿ ಪೈಪಿನ ಸುರುಳಿ. ವಾಕರಿನ ಎರಡು ಕಾಲು ಸುರುಳಿಯೊಳಗೆ ಸಿಕ್ಕಿಬೀಳುತ್ತವೆ. ಎಳೆದರೆ ಸುರುಳಿಯೂ ಹಿಂದೆಯೇ ಬರುತ್ತದೆ. ಬಾಗಿಲಲ್ಲಿ ನೋಡುತ್ತಿದ್ದ ನದೀಮ ಗೊಳ್ಳೆಂದು ನಗುತ್ತಾನೆ. ಸವಿತಾ ನಗುತ್ತಾಳೆ. ನನಗೂ ತಡೆಯಲಾಗುವುದಿಲ್ಲ.

ಕರಬಸಪ್ಪ ನಗುವುದಿಲ್ಲ. ವಾಕರ್ ಹಿಡಿದುಕೊಂಡೇ ನಿಂತಿದ್ದಾರೆ.

“ಇಲ್ಲೇ ಬಿದ್ಲು ಆಕಿ,” ಎನ್ನುತ್ತಾರೆ. “ಪೈಪ ತಗೀರಿ ಅಂತ ಹಿಂದಿನ ದಿನಾನ ಹೇಳಿದ್ಲು. ಬೇಕಾಗ್ತೈತಿ ಅಂದ್ನಿ.”

ಅವರು ಬಗ್ಗಿ ಸುರುಳಿಯನ್ನು ಬಿಡಿಸಿ ಹೆಗಲಿಗೇರಿಸಿ, ಮುಂಬಾಗಿಲಿಂದಲೇ ನಡೆದು ಟೆಂಪೊದೊಳಗೆ ಎಸೆದು ಬರುತ್ತಾರೆ. ಭರಮವ್ವ ಒಂದು ತಂಬಿಗೆ ನೀರು ಕೊಡುತ್ತಾರೆ, ಅಷ್ಟೇ.

ಆಮೇಲೆ ಗೌಡರನ್ನು ಹಿಡಿಯುವುದೇ ಕಷ್ಟವಾಗುತ್ತದೆ. ಕಂಡದ್ದೆಲ್ಲ ಅಂಗಳಕ್ಕೆ. ಮಜ್ಜಿಗೆ ಕಡಿಯುವ ಕಡಗೋಲು ಹಿಡಿದು ಹೊರಟಾಗ ಸವಿತಾ ಬೆನ್ನಟ್ಟುತ್ತಾಳೆ: “ಮಾವಾರ, ಅದು ನಾಳೆ ಮುಂಜಾನೆಗೇ ಬೇಕ್ರಿ!”

“ಸಾವಕಾಶ ಗೌಡ್ರ,” ಎನ್ನುತ್ತಾರೆ ಭರಮವ್ವ. “ಗ್ವಾಡಿ ಒಂದಿಷ್ಟು ಉಳೀಲಿ.”

ನಾಲ್ಕೂಕಾಲಿಗೆ ಸಾವಂತ್ರವ್ವ ಬರುತ್ತಾರೆ. ಒಳಗೆ ಮೂವತ್ತೊಂದು ಚೀಲದಷ್ಟು ಸಾಮಾನು ಕಡಿಮೆಯಾಗಿದೆ. ಮಂಚದಿಂದ ಬಚ್ಚಲ ಕಡೆಗೆ ವಾಕರ್ ಠಕ್ ಠಕ್ ಎಂದು ಹೋಗುತ್ತದೆ. ನಡುದಾರಿಯಲ್ಲಿ ಅವರು ನಿಂತು ಗೋಡೆ ನೋಡುತ್ತಾರೆ.

“ಏ ಸವಿತಾ, ಇಲ್ಲೆ ಕಿಡಕಿ ಇತ್ತೇನ?”

“ಇತ್ರಿ ಅತ್ತಿ. ನನಗೂ ಇವತ್ತ ಗೊತ್ತಾತು.”

“ನಲವತ್ತ ವರ್ಷ ಕತ್ತಲ್ಯಾಗ ಇಟ್ಟಾರ ನೋಡು ನನ್ನ, ಈ ಮನಿಶ್ಯಾ!”

ಹಿಂದೆ ಎರಡೂ ಕೈ ಚಾಚಿಕೊಂಡು ಬರುತ್ತಿದ್ದ ಕರಬಸಪ್ಪ ಮೆಲ್ಲಗೆ ಹೇಳುತ್ತಾರೆ: “ನೀ ಮೊದಲ ನಡಿ. ಬಯ್ಯೂದು ಆಮ್ಯಾಲ.”

ಚಿಕ್ಕೇರೂರಿನ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತಾಗ, ನಿಮಗೇನು ಆಸೆ ಎಂದು ಭರಮವ್ವನನ್ನು ಕೇಳುತ್ತೇನೆ. ಕೆಮ್ಮಿ, ತಲೆಯ ದೂಳು ಕೊಡವಿ, ಯೋಚಿಸುತ್ತಾರೆ.

“ಹಿಂದಕ ಮನಿ ಮನಿ ಲೆಕ್ಕಾ ಬರಿಯಾಕ ಒಬ್ಬ ಟೀಚರಬಾಯಾರು ಬಂದಿದ್ರರಿ. ಉದ್ಯೋಗ ಏನಂತ ಕೇಳಿದ್ರು. ಮನಿ ಹಗುರ ಮಾಡಾಕಿ ಅಂತ ಬರೀರಿ ಅಂದ್ನಿ. ಅಂಥಾದ್ದು ಈ ಪುಸ್ತಕದಾಗ ಇಲ್ಲವ್ವ ಅಂದು, ಕೂಲಿ ಅಂತ ಬರದು ಹೋದ್ರು.”

ತಿರುವಿನಲ್ಲಿ ಬಸ್ಸು ಕಾಣಿಸುತ್ತದೆ. ಕಸಬರಿಗೆ ಕಂಕುಳಲ್ಲಿಟ್ಟುಕೊಂಡು ಏಳುತ್ತಾರೆ.

“ಇಷ್ಟ ಮಂದಿ ಮನ್ಯಾಗ ಜಾಗಾ ಮಾಡೇನಿ. ಅವರ ಪುಸ್ತಕದಾಗ ನನಗೊಂದ ಸಾಲಿನ ಜಾಗಾ ಆಗೂದಿಲ್ಲೇನ್ರಿ?”