ಗಿರಣಿ ಅಕ್ಕನ ಸೋಮವಾರ

ಮೊನ್ನೆ ಜೋಳ ಬೀಸಿಸಿಕೊಂಡು ಬಂದು ಡಬ್ಬಿಯ ಮುಚ್ಚಳ ತೆಗೆದೆ. ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು. ಅಷ್ಟೇ... ನ್ಯಾಮತಿಯ ಗಿರಣಿ ಅಕ್ಕ ಎದುರಿಗೆ ಬಂದು ನಿಂತಂತಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಜಗಳೂರಿನಿಂದ ಸೊಸೆಯಾಗಿ ನ್ಯಾಮತಿಗೆ ಬಂದಿದ್ದ ನಾನು ಮೊದಲ ಮಗುವನ್ನು ಜ್ವರದಲ್ಲಿ ಕಳೆದುಕೊಂಡಿದ್ದೆ. ಆಮೇಲೆ ಮಾತು ಬೇಡವಾಯಿತು. ಉಣ್ಣುವುದು, ತಲೆ ಬಾಚಿಕೊಳ್ಳುವುದು ಯಾವುದೂ ಬೇಡ. ದೇವರ ಜಗಲಿಗೆ ಬೆನ್ನು ಹಾಕಿ ಮಲಗಿರುತ್ತಿದ್ದೆ. ಅತ್ತೆ ಕೆಟ್ಟವರಲ್ಲ. ಆದರೂ ಶ್ರಾವಣ ಮುಗಿದ ಮೇಲೆ ನನ್ನನ್ನು ತವರಿಗೆ ಬಿಟ್ಟು ಬರುವುದೆಂದು ಮನೆಯಲ್ಲಿ ಮಾತಾಗಿತ್ತು. ಹಾಗೆ ಬಿಟ್ಟುಬಂದವರನ್ನು ಮತ್ತೆ ಕರೆಯಲು ಯಾರೂ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏಳಲು ಆಗುತ್ತಿರಲಿಲ್ಲ.

ಗಿರಣಿ ಅಕ್ಕ ನಮ್ಮ ಹಿಂದಿನ ಬೀದಿಯವರು. ಗಂಡ ಹೋದ ಮೇಲೆ ಹಿಟ್ಟಿನ ಗಿರಣಿಯನ್ನು ತಾವೇ ನಡೆಸುತ್ತಿದ್ದರು. ಸೋಮವಾರ ಸಂಜೆ ಯಂತ್ರ ನಿಲ್ಲಿಸಿ, ಚೀಲಗಳನ್ನು ಗೋಡೆಗೆ ಸರಿಸಿದರೆ ಅಲ್ಲೇ ಭಜನೆ. ಬರುವವರೆಲ್ಲ ಒಂದು ಸಲ ಕುಸಿದು ಎದ್ದವರೇ. ದಮ್ಮಡಿ ಬಾರಿಸುವ ಅಣ್ಣ ಕುಡಿತ ಬಿಟ್ಟವನು. ಹಾಡು ಹೇಳಿಕೊಡುವ ಪೋಸ್ಟ್‌ಮನ್ ತಾತ ಹೆಂಡತಿ ಸತ್ತಾಗ ಬಾವಿಯ ತನಕ ಹೋಗಿ ತಿರುಗಿ ಬಂದವರು. ಮೊದಲು ಒಬ್ಬೊಬ್ಬರೂ ತಮ್ಮ ವಾರ ಹೇಗೆ ಕಳೆಯಿತೆಂದು ಹೇಳಬೇಕು. ಕೇಳಿದವರು ಬುದ್ಧಿ ಹೇಳುವಂತಿಲ್ಲ. ಇನ್ನೊಂದು ಪದ್ಧತಿಯಿತ್ತು. ಯಾರ ಮನಸ್ಸು ಎಲ್ಲರಿಗಿಂತ ಭಾರವೋ ಅವರ ಕೈಗೆ ತಾಳ. ಅವರು ಹಾಕಿದ ವೇಗದಲ್ಲೇ ಉಳಿದವರೆಲ್ಲ ಹಾಡಬೇಕು.

ಒಂದು ಸೋಮವಾರ ಅಕ್ಕ ರೆಪ್ಪೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದು ನನ್ನ ಕೈ ಹಿಡಿದು ಎಬ್ಬಿಸಿದರು. ದೇವರ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ ಎಂದೆ.

"ಬರದಿದ್ರೆ ಬ್ಯಾಡ ಬಿಡವ್ವ. ನಿನ್ನ ಪಾಲಿನ ನಂಬಿಕೆ ನಾವು ಇಟ್ಕೊಂಡಿರ್ತೀವಿ. ನೀನು ತಾಳ ಹಾಕು. ಎಷ್ಟು ನಿಧಾನ ಹಾಕ್ತೀಯೋ ಅಷ್ಟೇ ನಿಧಾನ ನಾವು ಬರ್ತೀವಿ."

ಗಿರಣಿಯಲ್ಲಿ ನಾನು ಹಾಕಿದ ತಾಳಕ್ಕೆ ಹಾಡು ತೆವಳುತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಆಷಾಢ ಹಾಗೇ ಕಳೆಯಿತು...

ಶ್ರಾವಣದ ಕೊನೆಯ ಸೋಮವಾರ ಹೊನ್ನಾಳಿಯಲ್ಲಿ ಭಜನೆ ಸ್ಪರ್ಧೆ. ಅವತ್ತಾದರೂ ತಾಳ ಬೇರೆಯವರಿಗೆ ಕೊಡುತ್ತಾರೆಂದುಕೊಂಡಿದ್ದೆ. ಅಕ್ಕ ಬಸ್ಸಿನಲ್ಲೇ ಅದನ್ನು ನನ್ನ ಮಡಿಲಿಗೆ ಹಾಕಿದರು. ವೇದಿಕೆಯ ಮೇಲೂ ನನ್ನ ಕೈ ಹಾಗೇ ಏಳುತ್ತಿತ್ತು, ಹಾಗೇ ಬೀಳುತ್ತಿತ್ತು. ಜನರ ನಡುವಿನಿಂದ ಯಾರೋ ಕೂಗಿದರು: "ಎತ್ತಿಗೆ ಮೇವು ಹಾಕ್ರಪ್ಪೋ, ಬಂಡಿ ಮುಂದಕ್ಕೆ ಹೋಗವಲ್ದು!"

ಎಲ್ಲರೂ ನಕ್ಕರು. ದಮ್ಮಡಿಯಣ್ಣನ ಬೆರಳುಗಳು ವೇಗ ಹೆಚ್ಚಿಸಲು ತವಕಿಸುತ್ತಿದ್ದವು. ಅಕ್ಕ ಒಂದು ನೋಟದಲ್ಲಿ ತಡೆದರು. ಪೋಸ್ಟ್‌ಮನ್ ತಾತ ಒಂದು ಸಾಲನ್ನು ಎಳೆಯುತ್ತಲೇ ಇದ್ದರು. ಮುಖ ಕೆಂಪಾಗಿ, ಕಣ್ಣು ಹೊರಗೆ ಬಂದರೂ ನನ್ನ ತಾಳ ಬೀಳದೆ ಸಾಲು ಬಿಡುವಂತಿಲ್ಲವಲ್ಲ! ಕೊನೆಗೆ ನನ್ನ ಕಡೆ ಬಗ್ಗಿ ಕೈಮುಗಿದರು.

"ಉಸಿರು ತಗೊಳ್ಳಾಕೆ ಬಿಡವ್ವ ತಾಯಿ."

ನನಗೆ ನಗು ಬಂತು. ಮಗು ಹೋದ ಮೇಲೆ ಮೊದಲ ನಗು. ತಡೆಯಲಾಗಲಿಲ್ಲ, ಜೋರಾಗಿಯೇ ನಕ್ಕೆ. ನಗುತ್ತಾ ಕೈ ತಾನಾಗಿ ಓಡಿತು. ದಮ್ಮಡಿ ಅದರ ಬೆನ್ನು ಹತ್ತಿತು, ಹಾಡು ಹಾರಿತು, ಗೇಲಿ ಮಾಡಿದವರೇ ಚಪ್ಪಾಳೆ ಹಾಕತೊಡಗಿದರು. ನನ್ನ ಬಾಯಿಂದ ಶಿವನ ಹೆಸರು ಯಾವಾಗ ಹೊರಟಿತೋ ನನಗೇ ತಿಳಿಯಲಿಲ್ಲ. ಮೈಯೆಲ್ಲ ಝುಂ ಎನ್ನುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಹಾಡುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು...

ಲಯ ಒಂದೇ ಸಮ ಇರಲಿಲ್ಲವೆಂದು ನಮಗೆ ಬಹುಮಾನ ಬರಲಿಲ್ಲ. ಯಾರಿಗೆ ಬೇಕಿತ್ತು! ನ್ಯಾಮತಿಯ ಬಸ್ಸಿನಲ್ಲಿ ಮತ್ತೆ ಅದೇ ಹಾಡು. ಕಂಡಕ್ಟರ್ ಟಿಕೆಟ್ ಪಂಚಿನಿಂದ ಕಂಬಿಗೆ ತಾಳ ಹಾಕುತ್ತಾ ಬಂದ.

ಮನೆಗೆ ಬಂದು, "ಹಸಿವಾಗೈತಿ ಅತ್ತೆ," ಎಂದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ತಟ್ಟೆ ಹಾಕಿದರು. ತವರಿಗೆ ಬಿಡುವ ಮಾತು ಮತ್ತೆ ಬರಲಿಲ್ಲ.

ಗಿರಣಿ ಅಕ್ಕ ಹೋಗಿ ಇನ್ನೂ ವರ್ಷವಾಗಿಲ್ಲ. ನಾನು ನ್ಯಾಮತಿ ಬಿಟ್ಟು ಬಹಳ ವರ್ಷವಾಗಿದ್ದರೂ ಸುದ್ದಿ ತಿಳಿದ ದಿನವೇ ಹೋಗಿದ್ದೆ. ಅವರ ಕಾಲ ಬಳಿ ಕೂತು ಅಳುವಾಗ ಪಕ್ಕದ ಹೆಣ್ಣುಮಗಳು, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ಸೋಮವಾರದವಳು ಎಂದೆ. ಅವಳಿಗೆ ತಿಳಿಯಲಿಲ್ಲ. ಹೌದು, ಇವಳು ನಮ್ಮವಳೇ ಎಂದು ಹೇಳಲು ಆ ಸೋಮವಾರದವರಲ್ಲಿ ನನ್ನ ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ.