ಲಕ್ಕಿಯ ಕೊರಳಿನ ಫೋನು

ಮೊಮ್ಮಗಳು ಹುಟ್ಟಿದ ಮೇಲೆ ಮೀನು ಮಾರುವ ಲಕ್ಕಿಗೆ ಹಿಡಿದ ತೊಳೆಯುವ ಹುಚ್ಚು ಅಷ್ಟಿಷ್ಟಲ್ಲ. ಬೋಟುಗಳು ಮೀನು ಇಳಿಸುವ ಕಾಸರಕೋಡಿನ ಧಕ್ಕೆಯಲ್ಲಿ ಬುಟ್ಟಿ ತುಂಬಿಸಿಕೊಂಡು, ಬಸ್ಸು ಹತ್ತಿ ಹಳದೀಪುರದ ಮನೆಮನೆ ತಿರುಗಿ ಬಂದರೆ ಮುಂಬಾಗಿಲು ದಾಟುತ್ತಿರಲಿಲ್ಲ. ನೇರ ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡು, ಬೇರೆ ಸೀರೆ ಉಟ್ಟು, ಆಮೇಲೆಯೇ ಕೂಸನ್ನು ಮುಟ್ಟುವುದು. ಪಾಯಖಾನೆಗೆ ಹೋಗಿ ಬಂದಳೆಂದರೆ ಸೋಪಿನ ಗತಿ ದೇವರಿಗೇ ಪ್ರೀತಿ. "ನಮ್ಮತ್ತೆ ಭಟ್ರಿಗೇ ಮಡಿ ಕಲಿಸ್ತು" ಎಂದು ಸೊಸೆ ಸುಚಿತಾ ನೆರೆಮನೆಯವರ ಹತ್ತಿರ ನಗುತ್ತಿದ್ದಳು.

ಇಷ್ಟೆಲ್ಲ ತೊಳೆದು ಮುಗಿಸಿದ ಮೇಲೆ ಲಕ್ಕಿ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಫೋನನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುವುದು.

ಬೋಟಿನವರು ನೀರು ತಾಗದಿರಲೆಂದು ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಫೋನು ಇತ್ತು. ಅದಿಲ್ಲದೆ ಅವಳ ವ್ಯಾಪಾರವಿಲ್ಲ. ಬಲೆ ಎತ್ತಿದ ಕೂಡಲೇ ಬೋಟಿನ ಮಾಸ್ತಿ ಎಂಬವನು ಕಡಲಿನಿಂದಲೇ ಫೋನು ಮಾಡುತ್ತಾನೆ. ಮೊದಲು ಹೂಂ ಎಂದವಳಿಗೆ ಒಳ್ಳೆಯ ಬಂಗಡೆ, ತಡ ಮಾಡಿದವಳಿಗೆ ಉಳಿದ ಚೂರುಪಾರು. ಮಾಸ್ತಿಯ ಫೋನಿಗೆ ಹೊತ್ತುಗೊತ್ತು ಎಂಬುದಿಲ್ಲ, ಲಕ್ಕಿಯ ಹೊಟ್ಟೆಗೂ ಇಲ್ಲ. ಹಾಗಾಗಿ ಪಾಯಖಾನೆಗೂ ಫೋನು ಹೋಗುತ್ತಿತ್ತು. ಹಳದೀಪುರದ ಎಷ್ಟೋ ಮನೆಗಳ ಸಾರಿನ ಬಂಗಡೆ ಅಲ್ಲಿ ಕುಕ್ಕರುಗಾಲಲ್ಲೇ ಕುದುರಿದ್ದು. ತಿನ್ನುವವರಿಗೆ ಇದು ತಿಳಿಯದಿರುವುದೇ ವಾಸಿ. ಚೀಲದ ಒಳಗೆ ನೀರು ಹೋಗುವುದಿಲ್ಲ ಎಂಬ ಮಾತನ್ನು ಲಕ್ಕಿ ಎಷ್ಟು ಗಟ್ಟಿಯಾಗಿ ನಂಬಿದ್ದಳೆಂದರೆ, ನೀರೇ ತಾಗದ ಮೇಲೆ ಕೊಳೆ ಎಲ್ಲಿಂದ ತಾಗಬೇಕು ಎಂದುಕೊಂಡಿದ್ದಳು. ಅಂಬೆಗಾಲಿಡುವ ಮೊಮ್ಮಗಳು ದಿವ್ಯಶ್ರೀಗೆ ಹಲ್ಲು ಮೂಡುವ ಕಾಲ. ಅಜ್ಜಿಯ ತೊಡೆಯ ಮೇಲೆ ಕೂತು ಫೋನಿನ ಹಾಡು ನೋಡುತ್ತ ಆ ಚೀಲದ ಮೂಲೆ ಕಚ್ಚುವುದೇ ಅವಳಿಗೆ ಪರಮಸುಖ.

ಕೂಸಿಗೆ ಭೇದಿ ಹಿಡಿಯಿತು. ಔಷಧಿ ಕೊಟ್ಟರೆ ನಿಲ್ಲುವುದು, ವಾರ ತುಂಬುವುದರೊಳಗೆ ಮತ್ತೆ ಶುರು. ಲಕ್ಕಿ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದಳು, ಬಾವಿಯ ನೀರನ್ನು ಶಂಕಿಸಿದಳು, ಕಡೆಗೆ ಸೊಸೆಯ ಮೇಲೆ ಹರಿಹಾಯ್ದಳು. "ಬಾಟ್ಲಿ ಸಮಾ ತೊಳಿಯೂದಿಲ್ಲ ನೀನು. ನನ್ನ ಕೂಸಿನ ಜೀವ ತೆಗಿತೀಯ!" ಸುಚಿತಾ ಬಾಟಲಿಯನ್ನು ಕುದಿಸಿ ಕುದಿಸಿ ಅದರ ರಬ್ಬರು ಮೆತ್ತಗಾಗಿ ಹೋಯಿತು.

ಈ ಸಲ ಭೇದಿ ಔಷಧಿಗೂ ನಿಲ್ಲಲಿಲ್ಲ. ಕೂಸಿನ ಕಣ್ಣು ಒಳಗೆ ಹೋಯಿತು, ಅಳುವಾಗ ಕಣ್ಣೀರು ಬರುವುದು ನಿಂತಿತು. ಮಗ ಸಂಜಯ ಬೋಟಿನ ಮೇಲೆ ದೂರದ ಕಡಲಲ್ಲಿದ್ದ. ಅತ್ತೆ ಸೊಸೆ ರಿಕ್ಷಾ ಮಾಡಿಕೊಂಡು ಹೊನ್ನಾವರಕ್ಕೆ ಧಾವಿಸಿದರು. ಡಾಕ್ಟರು ಸಣ್ಣ ಕೈಗೆ ಸೂಜಿ ಚುಚ್ಚಿ ಸಲೈನು ಹಚ್ಚಿದರು. "ಉಚ್ಚೆ ಮಾಡಿದ್ರೆ ಹೇಳಿ, ಅಲ್ಲೀವರೆಗೆ ಹೆದರಿಕೆ ಇದ್ದದ್ದೇ" ಎಂದರು. ಲಕ್ಕಿ ಅವರ ಎದುರಿಗೂ ಬಾಟಲಿಯ ಮಾತು ತೆಗೆಯದೆ ಬಿಡಲಿಲ್ಲ. ಸುಚಿತಾ ತಲೆ ತಗ್ಗಿಸಿ ಕೂಸಿನ ಬಟ್ಟೆ ಮುಟ್ಟಿ ನೋಡಿದಳು. ಒಣಗಿಯೇ ಇತ್ತು.

ಲಕ್ಕಿ ಆಸ್ಪತ್ರೆಯ ಪಾಯಖಾನೆಗೆ ಓಡಿದಳು. ಅಲ್ಲಿ ಕೂತಿದ್ದಾಗಲೇ ಮಾಸ್ತಿಯ ಫೋನು ಬಂತು. "ಇವತ್ತು ಬೇಡ ಮಾರಾಯ, ಕೂಸಿಗೆ ಹುಷಾರಿಲ್ಲ" ಎಂದು ಹೇಳಿ ಹೊರಗೆ ಬಂದಳು. ನಲ್ಲಿಯ ಬುಡದಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು, ಕಾಲು ತೊಳೆದಳು, ಬಾಯಿ ಮುಕ್ಕಳಿಸಿದಳು. ಮಂಚದ ಹತ್ತಿರ ಬಂದಾಗ ಕೂಸು ಕಣ್ಣು ತೆರೆಯಿತು. ಬಂದಾಗಿನಿಂದ ಯಾರ ಕಡೆಗೂ ಎತ್ತದಿದ್ದ ಕೈಯನ್ನು ಅಜ್ಜಿಯ ಕಡೆಗೆ ಎತ್ತಿತು. ಲಕ್ಕಿಗೆ ಜೀವ ಬಂದಂತಾಗಿ ಬಗ್ಗಿದಳು. ಕೂಸಿನ ಕೈ ಕೊರಳಿನ ಚೀಲವನ್ನು ಹಿಡಿಯಿತು, ಅದನ್ನು ನೇರ ಬಾಯಿಗೆ ಎಳೆಯಿತು.

ಲಕ್ಕಿ ತಟ್ಟನೆ ಕಸಿದುಕೊಂಡಳು. ಈಗಷ್ಟೇ ತೊಳೆದ ಬೆರಳುಗಳು ಚೀಲಕ್ಕೆ ಅಂಟಿದವು. ಜಿಡ್ಡು, ಮೂಲೆಯಲ್ಲಿ ಒಣಗಿದ ಮೀನಿನ ಹುರುಪೆ, ಕೂಸಿನ ಜೊಲ್ಲು. ಈಗ ಇದು ಎಲ್ಲಿಂದ ಬಂತು? ನಿನ್ನೆ ಎಲ್ಲಿತ್ತು? ಮೊನ್ನೆ? ಕೂಸು ಚೀಲ ಬೇಕೆಂದು ನೀರಿಲ್ಲದ ಕಣ್ಣಲ್ಲಿ ಅಳತೊಡಗಿತು.

"ಸುಚಿತಾ, ಬಾಟ್ಲಿ ಅಲ್ಲ ಮಾರಾಯ್ತಿ," ಎಂದಳು ಲಕ್ಕಿ. "ಇದು. ನಾನು ಇದನ್ನ ಪಾಯಖಾನಿಗೆ ಒಯ್ತೆ. ಮೈಯೆಲ್ಲ ತೊಳಿತೆ, ಇದನ್ನ ಒಂದಿನಾನೂ ತೊಳಿಲಿಲ್ಲ. ನಾನೇ ಅದರ ಬಾಯಿಗೆ ಕೊಟ್ಟೆ."

ಪಕ್ಕದಲ್ಲೇ ಇದ್ದ ನರ್ಸು ಕೇಳಿಸಿಕೊಂಡಳು. "ಇದರಿಂದ್ಲೇ ಆತು ಅಂತ ಹೇಳೂಕೆ ಬರೂದಿಲ್ಲ ಅಮ್ಮ. ಆದ್ರೆ ಅಲ್ಲಿಗೆ ಒಯ್ಯೂದು ಬೇಡ, ಕೂಸಿನ ಬಾಯಿಗೆ ಕೊಡೂದಂತೂ ಬೇಡ. ಚೀಲ ಸೋಪು ಹಾಕಿ ತೊಳೀರಿ, ಫೋನು ಆಫ್ ಮಾಡಿ ಸ್ಪಿರಿಟ್ ಹತ್ತೀಲಿ ಒರಸಿ" ಎಂದಳು. ಸುಚಿತಾ ಅಳುವ ಕೂಸನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬೈದರೂ ಆಗಿತ್ತು ಎಂದು ಲಕ್ಕಿಗೆ ಅನಿಸಿತು. ಸೊಸೆ ಇನ್ನು ಈ ಕೂಸನ್ನು ತನ್ನ ತೊಡೆಗೆ ಕೊಡಲಾರಳು, ಕೊಡದಿದ್ದರೆ ಕೇಳುವ ಬಾಯಿ ತನಗೂ ಇಲ್ಲ ಎಂದುಕೊಂಡು, ಚೀಲವನ್ನು ಕೊರಳಿನಿಂದ ತೆಗೆದಿಟ್ಟು ಗೋಡೆಗೆ ಆತು ಕೂತಳು.

ಇಳಿಹೊತ್ತಿಗೆ ಕೂಸಿನ ಬಟ್ಟೆ ಒದ್ದೆಯಾಯಿತು. ನರ್ಸು ಮುಟ್ಟಿ ನೋಡಿ, "ಆತು, ಗಂಡಾಂತರ ಕಳೀತು" ಎಂದಳು. ಅತ್ತೆ ಸೊಸೆ ಇಬ್ಬರಿಗೂ ಅಳು ತಡೆಯಲಾಗಲಿಲ್ಲ.

ಕಣ್ಣು ಒರೆಸಿಕೊಂಡ ಸುಚಿತಾ ಕೂಸನ್ನು ಎತ್ತಿ ಲಕ್ಕಿಯ ತೊಡೆಯ ಮೇಲೆ ಇಟ್ಟಳು. "ನಿಮ್ಮೊಬ್ರದ್ದೇ ಅಲ್ಲ ಅತ್ತೆ. ನಾನೂ ಫೋನು ಅಲ್ಲಿಗೇ ಒಯ್ತೆ. ಅದೂ ಕೂಸಿನ ಕೈಯಲ್ಲೇ ಇರ್ತು."

"ನಿಂಗೆ ಎಂತಕೆ? ನಿಂಗೇನು ಬೋಟಿನ ಫೋನು ಬತ್ತದ್ಯ?"

"ಹೆಬಳೆ ತವರಿಗೆ, ಅಮ್ಮನಿಗೆ ಮಾಡೂಕೆ. ಅಲ್ಲಾದ್ರೆ ನೀವು ಬೈದದ್ದು ಹೇಳ್ಕಂಡು ಅಳೂಕಾತದೆ. ಆ ಮನೇಲಿ ಬಾಗಿಲು ಹಾಕ್ಕಳೂಕೆ ನಂಗೆ ಬೇರೆ ಜಾಗ ಎಲ್ಲದೆ?"

ಲಕ್ಕಿ ಕೂಸಿನ ತಲೆ ನೇವರಿಸಿದಳು.

"ಇನ್ಮೇಲೆ ಜಗಲಿ ಮೇಲೆ ಕೂತೇ ಮಾತಾಡು," ಎಂದಳು. "ನನ್ನ ಬೈಯೂದಾದ್ರೂ ಅಲ್ಲೇ ಕೂತು ಬಯ್ಯಿ. ಅಷ್ಟೊತ್ತು ನಾ ಹಿತ್ತಲಿಗೆ ಹೋತೆ."